ದೊರೆ ಹೋದ ಮರುದಿನ

ಕುಣಿಗಲ್ ಸಂತೆಯಲ್ಲಿ ಹಣ್ಣು ಮಾರುವವನಿಗೆ ತಳ್ಳುಗಾಡಿ ಬಾಡಿಗೆಗೆ ಸಿಗುತ್ತದೆ, ಹಣ್ಣು ಮಂಡಿಯಿಂದ ಉದ್ರಿ ಸಿಗುತ್ತದೆ. ತಕ್ಕಡಿ ಮಾತ್ರ ಅವನದೇ ಆಗಿರಬೇಕು. ಅದನ್ನು ಯಾರಾದರೂ ಎತ್ತಿಕೊಂಡು ಹೋದರೆ ಅವತ್ತಿನ ವ್ಯಾಪಾರ ಅಲ್ಲಿಗೆ ನಿಂತಿತು. ಸಂಜೆಗೆ ಹಣ್ಣು ಬಾಡುತ್ತದೆ, ಮಂಡಿಯವನ ಬಾಕಿ ಹಾಗೇ ಉಳಿಯುತ್ತದೆ. 2010ರ ಡಿಸೆಂಬರ್ 17ರಂದು ಟ್ಯುನೀಷಿಯಾದ ಸಿದಿ ಬೂಝಿದ್ ಎಂಬ ಊರಿನಲ್ಲಿ ಪುರಸಭೆಯವರು ಮೊಹಮ್ಮದ್ ಬುಅಝೀಝಿ ಎಂಬ 26ರ ಯುವಕನಿಂದ ಕಿತ್ತುಕೊಂಡದ್ದು ಇಂಥ ಒಂದು ತಕ್ಕಡಿಯನ್ನು. ಅದನ್ನು ವಾಪಸು ಕೊಡಿ ಎಂದು ಕೇಳಲು ಆತ ಗವರ್ನರ್ ಕಚೇರಿಗೆ ಹೋದ. ಯಾರೂ ಕಿವಿಗೊಡಲಿಲ್ಲ. ಕಚೇರಿಯ ಮುಂದೆಯೇ ಮೈಗೆ ಬೆಂಕಿ ಹಚ್ಚಿಕೊಂಡ. ಜನವರಿ 4ರಂದು ತೀರಿಕೊಂಡ. ಅದಾಗಿ ಹತ್ತು ದಿನಕ್ಕೆ, 23 ವರ್ಷ ಆಳಿದ್ದ ಬೆನ್ ಅಲಿ ವಿಮಾನ ಹತ್ತಿ ಸೌದಿ ಅರೇಬಿಯಾಕ್ಕೆ ಓಡಿಹೋದರು.

ಆಮೇಲಿನ ಕಥೆ ನಮಗೆಲ್ಲ ಟಿವಿಯಲ್ಲಿ ನೋಡಿ ಗೊತ್ತು. ಕೈರೋದ ತಹ್ರೀರ್ ಚೌಕ ತುಂಬಿತು, 18 ದಿನದಲ್ಲಿ ಈಜಿಪ್ಟಿನ ಅಧ್ಯಕ್ಷ ಮುಬಾರಕ್ ಇಳಿದರು. ಲಿಬಿಯಾ, ಯೆಮನ್, ಬಹರೇನ್, ಸಿರಿಯಾ ಒಂದಾದ ಮೇಲೊಂದು ಹೊತ್ತಿಕೊಂಡವು. ಹದಿನೈದು ವರ್ಷ ಕಳೆದ ಮೇಲೆ ನಮ್ಮೂರು ಕೊತ್ತಗೆರೆಯ ಟೀ ಅಂಗಡಿಯಲ್ಲಿ ಈ ಮಾತು ಬಂದರೆ ಒಂದು ತೀರ್ಪು ಸಿದ್ಧವಾಗಿರುತ್ತದೆ: ‘ಅಲ್ಲಿ ಜನಕ್ಕೆ ದೊಣ್ಣೆ ಹಿಡ್ದೋನೇ ಸರಿ ಕಣಣ್ಣ. ಇದ್ದ ದೊರೇನ ಓಡ್ಸಿ ಏನ್ ಕಂಡ್ರು?’ ಈ ಮಾತನ್ನು ನಾನು ಒಪ್ಪುವುದಿಲ್ಲ. ಇದನ್ನು ಹೇಳುವವರು ಸ್ವಂತ ಮನೆತನದ ಚರಿತ್ರೆಯನ್ನೇ ಮರೆತಿರುತ್ತಾರೆ. ನಮ್ಮ ಅಜ್ಜ, ಮುತ್ತಜ್ಜಂದಿರು ಮತದಾರರಾಗಿ ಹುಟ್ಟಿದವರಲ್ಲ, ಮೈಸೂರು ಮಹಾರಾಜರ ಪ್ರಜೆಗಳಾಗಿ ಹುಟ್ಟಿದವರು. ದೊರೆತನದ ಎದುರು ಅವರೂ ಬೀದಿಗಿಳಿದಿದ್ದಾರೆ. ಒಂದು ಸಲ ಸೋತರು, ಒಂದು ಸಲ ಗೆದ್ದರು.

ಸೋತದ್ದು 1830ರಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಕಂದಾಯ ವಸೂಲಿಗೆ ಶರ್ತಿನ ಪದ್ಧತಿ ಇತ್ತು. ಅಮಲ್ದಾರ ಇಷ್ಟು ಹಣ ಕಟ್ಟುತ್ತೇನೆಂದು ಸರ್ಕಾರಕ್ಕೆ ಬರೆದುಕೊಡಬೇಕು, ಆಮೇಲೆ ರೈತನಿಂದ ಹೇಗೆ ಹಿಂಡುತ್ತಾನೆ ಎಂಬುದು ಅವನಿಗೆ ಬಿಟ್ಟದ್ದು. ಮಲೆನಾಡಿನ ನಗರ ಸೀಮೆಯ ರೈತರು ಕೂಟ ಕಟ್ಟಿದರು, ಕಂದಾಯ ಕೊಡುವುದಿಲ್ಲ ಎಂದರು. ‘ಕೂಟ’ ಎಂಬ ಪದವೇ ಅಂದು ದಂಗೆಗೆ ಹೆಸರಾಯಿತು. ನಗರದ ಅರಸು ಮನೆತನದವನು ತಾನೆಂದು ಹೇಳಿಕೊಂಡ ಬೂದಿ ಬಸವಪ್ಪ ಅದರ ಮುಂದಾಳಾದ, ತರೀಕೆರೆಯ ಪಾಳೆಯಗಾರರೂ ಸೇರಿದರು. ರೈತರ ಕೂಗು ನ್ಯಾಯದ್ದು. ಆದರೆ ಅಮಲ್ದಾರನನ್ನು ಓಡಿಸಿದ ಮೇಲೆ ಆ ಜಾಗದಲ್ಲಿ ಯಾರು ಕೂರಬೇಕು ಎಂಬುದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಇದ್ದ ಒಂದೇ ಉತ್ತರ ಇನ್ನೊಬ್ಬ ಅರಸ. ಉತ್ತರ ಇದ್ದದ್ದು ಈಸ್ಟ್ ಇಂಡಿಯಾ ಕಂಪನಿಯ ಬಳಿ. ಅದು ತನ್ನ ಸೈನ್ಯ ಕಳಿಸಿ ದಂಗೆ ಅಡಗಿಸಿತು. ಆಡಳಿತ ಕೆಟ್ಟಿದೆ ಎಂಬ ಕಾರಣ ಮುಂದಿಟ್ಟು 1831ರಲ್ಲಿ ರಾಜ್ಯವನ್ನೇ ಕೈಗೆ ತೆಗೆದುಕೊಂಡಿತು. ಮತ್ತೆ ಒಡೆಯರಿಗೆ ಅದನ್ನು ಒಪ್ಪಿಸಿದ್ದು 1881ರ ಮಾರ್ಚ್‌ನಲ್ಲಿ, 50 ವರ್ಷದ ಮೇಲೆ. ಲಿಬಿಯಾದಲ್ಲಿ ನ್ಯಾಟೋ ವಿಮಾನಗಳನ್ನು, ಸಿರಿಯಾದಲ್ಲಿ ರಷ್ಯಾ, ಇರಾನ್, ತುರ್ಕಿಯ ಪಡೆಗಳನ್ನು ನೋಡಿದಾಗ ನನಗೆ ನಗರದ ಕೂಟವೇ ನೆನಪಾದದ್ದು.

ಗೆದ್ದದ್ದು 1947ರಲ್ಲಿ. ಆದರೆ ಆ ಗೆಲುವಿನ ಅಡಿಪಾಯ ಬಿದ್ದದ್ದು ಅದಕ್ಕೂ ಎಷ್ಟೋ ಮೊದಲು. 1881ರ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದಾಗ ಬಂದವರು 144 ಮಂದಿ. ಜಮೀನು ಇದ್ದವರು, ವ್ಯಾಪಾರಸ್ಥರು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಕೆರೆಯ ತೂಬು ಕೆಟ್ಟಿದೆ, ರಸ್ತೆ ಬೇಕು, ಸ್ಕೂಲು ಬೇಕು ಎಂದು ವರ್ಷಕ್ಕೊಮ್ಮೆ ದಸರೆಯ ಹೊತ್ತಿಗೆ ಕೇಳಬಹುದಿತ್ತು, ಅಷ್ಟೆ. ಇದನ್ನು ಬರೀ ತೋರಿಕೆ ಎಂದು ಅಂದೇ ಹಲವರು ಟೀಕಿಸಿದರು, ಆ ಟೀಕೆ ಸುಳ್ಳಲ್ಲ. ಆದರೂ ಒಂದು ಸಂಗತಿ ನಡೆಯಿತು: ತಾಲ್ಲೂಕಿನಿಂದ ಹೋದ ಮನುಷ್ಯ ದಿವಾನರ ಎದುರು ಎದ್ದು ನಿಂತು ಮಾತಾಡುವುದು ರೂಢಿಯಾಯಿತು. ಎರಡು ತಲೆಮಾರು ಹೀಗೆ ಕೇಳುತ್ತಾ ಕೇಳುತ್ತಾ, ‘ಕೊಡಿ’ ಎಂದಿದ್ದ ಬಾಯಿ ‘ಲೆಕ್ಕ ಹೇಳಿ’ ಎನ್ನುವಷ್ಟಕ್ಕೆ ಬಂತು.

ಮೈಸೂರಿನ ದೊರೆಗಳು ಒಳ್ಳೆಯವರಿದ್ದರು, ಹಾಗಾಗಿ ಸಲೀಸಾಯಿತು ಎನ್ನುವವರಿದ್ದಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಬಗ್ಗೆ ನನಗೂ ಗೌರವವಿದೆ. ಆದರೆ 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಿದ್ದಕ್ಕೆ ಮುಖಂಡರನ್ನು ಹಿಡಿದು ಹಾಕಿದ್ದು ಅವರದೇ ಸರ್ಕಾರ. ಅದೇ ತಿಂಗಳ 25ರಂದು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದೂ ಅದೇ ಸರ್ಕಾರದ ಪೊಲೀಸರು. ಸತ್ತವರು 10 ಮಂದಿ ಎಂದು ಸರ್ಕಾರ ಹೇಳಿತು, 30ಕ್ಕೂ ಹೆಚ್ಚು ಎಂದು ಜನ ಹೇಳಿದರು. 1943ರಲ್ಲಿ ಈಸೂರಿನ ಐವರು ಹೋರಾಟಗಾರರನ್ನು ಗಲ್ಲಿಗೇರಿಸಿದ್ದೂ ಮೈಸೂರು ಸಂಸ್ಥಾನವೇ. ವಿದುರಾಶ್ವತ್ಥದ ಮೇಲೆ ಏನಾಯಿತು ಎಂಬುದನ್ನು ಗಮನಿಸಬೇಕು. ಗಾಂಧೀಜಿ ವಲ್ಲಭಭಾಯಿ ಪಟೇಲ್ ಮತ್ತು ಕೃಪಲಾನಿಯವರನ್ನು ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಜತೆ ಕೂತು ಮಾತಾಡಿದರು. ಸಂಸ್ಥಾನದ ಬಾವುಟದ ಪಕ್ಕದಲ್ಲೇ ಕಾಂಗ್ರೆಸ್ ಬಾವುಟವೂ ಹಾರಬಹುದು ಎಂದಾಯಿತು. ಗುಂಡು ಹಾರಿದ ಮೇಲೂ ಮಾತಿಗೆ ಕೂರಲು ಒಂದು ಕಡೆ ಸಂಘಟನೆ ಇತ್ತು, ಇನ್ನೊಂದು ಕಡೆ ಮಾತಾಡಬಲ್ಲ ಅಧಿಕಾರಿ ಇದ್ದ. 2011ರ ಮಾರ್ಚ್‌ನಲ್ಲಿ ಸಿರಿಯಾದ ದರಾ ಊರಿನ ಹುಡುಗರು ಗೋಡೆಯ ಮೇಲೆ ಬರೆದು ಸಿಕ್ಕಿಬಿದ್ದಾಗ, ಮಕ್ಕಳನ್ನು ಬಿಡಿ ಎಂದು ಹೋದ ಹಿರಿಯರ ಪಾಲಿಗೆ ಈ ಎರಡೂ ಇರಲಿಲ್ಲ.

1947ರ ಆಗಸ್ಟ್ 15 ಬಂದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲ. ಸೆಪ್ಟೆಂಬರ್ 1ರಿಂದ ‘ಮೈಸೂರು ಚಲೋ’ ಶುರುವಾಯಿತು. ಕೆ.ಸಿ. ರೆಡ್ಡಿ ಮೊದಲಾದವರು ಜೈಲು ಸೇರಿದರು. ವಿದ್ಯಾರ್ಥಿಗಳು ಕ್ಲಾಸು ಬಿಟ್ಟರು, ಕಾರ್ಖಾನೆಗಳ ಕಾರ್ಮಿಕರು ಕೆಲಸ ನಿಲ್ಲಿಸಿದರು. ಪತ್ರಿಕೆಗಳ ಮೇಲೆ ಕಡಿವಾಣ ಬಿದ್ದಾಗ ಎಚ್.ಎಸ್. ದೊರೆಸ್ವಾಮಿಯವರು ತಮ್ಮ ‘ಪೌರವಾಣಿ’ಯನ್ನು ಹಿಂದೂಪುರಕ್ಕೆ ಒಯ್ದರು. ಹಿಂದೂಪುರ ನಮ್ಮ ಜಿಲ್ಲೆಯ ಮಧುಗಿರಿ ಸೆರಗಿಗೇ ಅಂಟಿಕೊಂಡ ಊರು, ಆಗ ಮದ್ರಾಸ್ ಪ್ರಾಂತ್ಯದ್ದು. ಅಲ್ಲಿ ಅಚ್ಚಾದದ್ದನ್ನು ತಡೆಯಲು ದಿವಾನರ ಹುಕುಂ ನಡೆಯುತ್ತಿರಲಿಲ್ಲ. 2011ರಲ್ಲಿ ಮುಬಾರಕ್ ಸರ್ಕಾರ ಇಂಟರ್ನೆಟ್ ಕಡಿದು ಹಾಕಿದಾಗ ಕತಾರ್‌ನ ಅಲ್ ಜಝೀರಾ ಚಾನೆಲ್ ಮಾಡಿದ ಕೆಲಸವೂ ಇದೇ. ಫೇಸ್‌ಬುಕ್‌ನಿಂದ ಕ್ರಾಂತಿಯಾಯಿತು ಎಂದು ಬರೆದವರು, ಸುದ್ದಿಗೆ ದೊರೆಯ ಕೈಗೆಟುಕದ ಒಂದು ಹಿಂದೂಪುರ ಬೇಕೆಂಬ ಹಳೆಯ ಸಂಗತಿಯನ್ನು ಗಮನಿಸಲಿಲ್ಲ.

ಚಳವಳಿಯ ಘೋಷಣೆ ‘ಆರ್ಕಾಟ್ ಬಾಯ್ಕಾಟ್’. ಗುರಿ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಜಯಚಾಮರಾಜ ಒಡೆಯರನ್ನು ಇಳಿಸಿ ಎಂದು ಜನ ಕೇಳಲಿಲ್ಲ, ಅವರ ಹೆಸರಿನಲ್ಲೇ ಚುನಾಯಿತರು ಆಳಲಿ ಎಂದರು. ಬಗ್ಗಲು ಮಹಾರಾಜರಿಗೆ ಜಾಗ ಉಳಿದದ್ದು ಇದರಿಂದ. ಮೊರಾಕೊ, ಜೋರ್ಡಾನ್ ದೊರೆಗಳು ಪ್ರಧಾನಿಯನ್ನು ಬದಲಿಸಿಯೋ ಸಂವಿಧಾನ ತಿದ್ದಿಯೋ ಉಳಿದುಕೊಂಡರು, ಅಸಲು ಅಧಿಕಾರವನ್ನು ಮಾತ್ರ ಬಿಡಲಿಲ್ಲ. ದೊರೆ ಎಂಬ ಹೆಸರಿಲ್ಲದೆಯೇ ದೊರೆಗಳಂತೆ ಆಳಿದ ಮುಬಾರಕ್, ಲಿಬಿಯಾದ ಗಡಾಫಿ, ಸಿರಿಯಾದ ಅಸಾದ್‌ಗೆ ಮುಂದೆ ತಳ್ಳಲು ದಿವಾನರೂ ಇರಲಿಲ್ಲ. ಜನರ ಕೂಗು ‘ಈ ವ್ಯವಸ್ಥೆಯೇ ಬೀಳಲಿ’ ಎಂಬುದಕ್ಕೆ ಹೋದದ್ದು ಸಹಜ. ಬೇರೆ ದಾರಿಯನ್ನು ಆಳುವವರೇ ಮುಚ್ಚಿದ್ದರು.

ಮೈಸೂರಿನಲ್ಲಿ ಅಕ್ಟೋಬರ್ ಮುಗಿಯುವ ಮೊದಲೇ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಎರಡು ತಿಂಗಳೂ ಹಿಡಿಯಲಿಲ್ಲ. ದೆಹಲಿಯಲ್ಲಿ ಆಗಷ್ಟೇ ಬಂದಿದ್ದ ಸರ್ಕಾರ ಬೆನ್ನಿಗಿದ್ದದ್ದೂ ಇದಕ್ಕೆ ಕಾರಣ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೊಂದೇ ಸಾಲದು ಎಂಬುದಕ್ಕೆ ನಮ್ಮ ಇನ್ನೊಂದು ತುಂಡು, ಬೀದರ್–ಕಲಬುರಗಿ–ರಾಯಚೂರಿನ ಕನ್ನಡಿಗರ ಪಾಡೇ ಸಾಕ್ಷಿ. ಅಲ್ಲಿ ನಿಜಾಮನ ನೆರಳಿನಲ್ಲಿ ರಜಾಕಾರರ ಖಾಸಗಿ ಪಡೆ ಬೆಳೆದಿತ್ತು. ಸ್ವಾಮಿ ರಾಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ಸಿಗೆ ಬಹುಕಾಲ ನಿಷೇಧವಿತ್ತು. ಬಸವಕಲ್ಯಾಣದ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ಜನರನ್ನು ಕೊಚ್ಚಿದರು. ಕೊನೆಗೆ ಸೆಪ್ಟೆಂಬರ್‌ನಲ್ಲಿ ಸೈನ್ಯವೇ ಹೋಗಬೇಕಾಯಿತು. ಅದರ ಹಿಂದೆಯೇ, ರಜಾಕಾರರ ಜತೆ ಸಂಬಂಧವೇ ಇಲ್ಲದ ಸಾವಿರಾರು ಮುಸ್ಲಿಮರು ಕೊಲೆಯಾದರು. ಸುಂದರಲಾಲ್ ಸಮಿತಿ ಅದನ್ನು ದಾಖಲಿಸಿತು, ನಾವು ಅದನ್ನು ಬಹಳ ವರ್ಷ ಮಾತಾಡಲಿಲ್ಲ. ಒಂದೇ ಭಾಷೆ, ಒಂದೇ ಕಾಲ. ಹಾಗಿರುವಾಗ ಜನರ ಗುಣದಲ್ಲಿ, ಧರ್ಮದಲ್ಲಿ ಕಾರಣ ಹುಡುಕುವುದು ಯಾವ ನ್ಯಾಯ? ಮೊದಲು ಕೇಳಬೇಕಾದ್ದು, ಬಂದೂಕು ಹಿಡಿದವನು ಯಾರ ಮಾತು ಕೇಳುತ್ತಾನೆ ಎಂದು.

ಈಜಿಪ್ಟಿನಲ್ಲಿ ಅವನು ಸೇನಾಧಿಕಾರಿಗಳ ಮಾತು ಕೇಳಿದ. ಮುಬಾರಕ್ ಹೋದರು, ಕಾರ್ಖಾನೆ, ಜಮೀನು, ಪೆಟ್ರೋಲ್ ಬಂಕುಗಳವರೆಗೆ ಕೈಚಾಚಿದ್ದ ಸೈನ್ಯ ಎಲ್ಲೂ ಹೋಗಲಿಲ್ಲ. 2012ರಲ್ಲಿ ಗೆದ್ದ ಮೊರ್ಸಿಯವರನ್ನು ಮರುವರ್ಷ ಜುಲೈ 3ರಂದು ಅದೇ ಸೈನ್ಯ ಇಳಿಸಿತು. ಆಗಸ್ಟ್ 14ರಂದು ರಾಬಾ ಚೌಕದಲ್ಲಿ ಪೊಲೀಸರೂ ಸೈನಿಕರೂ ಸೇರಿ ಒಂದೇ ದಿನ ನೂರಾರು ಜನರನ್ನು ಕೊಂದರು. ಟ್ಯುನೀಷಿಯಾದ ಸೈನ್ಯ ಚಿಕ್ಕದು, ರಾಜಕೀಯದಿಂದ ದೂರ ಇತ್ತು. ಅದಕ್ಕಿಂತ ಹೆಚ್ಚಿಗೆ, ಅಲ್ಲಿ 1946ರಿಂದ ಬೇರುಬಿಟ್ಟ ಕಾರ್ಮಿಕ ಸಂಘವಿತ್ತು. 2013ರಲ್ಲಿ ಇಬ್ಬರು ವಿರೋಧಿ ನಾಯಕರ ಕೊಲೆಯಾಗಿ ದೇಶ ಒಡೆಯುವಂತಾದಾಗ ಈ ಸಂಘ, ಮಾಲೀಕರ ಒಕ್ಕೂಟ, ವಕೀಲರ ಸಂಘ, ಮಾನವ ಹಕ್ಕುಗಳ ಸಂಘಟನೆ ಸೇರಿ ಪಕ್ಷಗಳನ್ನು ಕೂರಿಸಿ ಮಾತಾಡಿಸಿದವು. 2014ರ ಜನವರಿಯಲ್ಲಿ ಸಂವಿಧಾನ ಬಂತು. ಮರುವರ್ಷ ಈ ನಾಲ್ಕಕ್ಕೂ ಸೇರಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಾವೆಲ್ಲ ಸಂತೋಷಪಟ್ಟೆವು. ಆದರೆ ತಳ್ಳುಗಾಡಿಯವನ ಬದುಕು ಬದಲಾಗಲಿಲ್ಲ. ಕೆಲಸ ಹುಟ್ಟಲಿಲ್ಲ, ಬೆಲೆ ಇಳಿಯಲಿಲ್ಲ. 2021ರ ಜುಲೈ 25ರಂದು ಅಧ್ಯಕ್ಷ ಕೈಸ್ ಸಯೀದ್ ಪಾರ್ಲಿಮೆಂಟನ್ನು ಅಮಾನತಿನಲ್ಲಿಟ್ಟಾಗ ಬೀದಿಯಲ್ಲಿ ಜೈಕಾರ ಹಾಕಿದವರಲ್ಲಿ ಬಡವರೇ ಬಹಳ. ಈ ಒಂದು ದೃಶ್ಯ ನನ್ನನ್ನು ಉಳಿದೆಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಸಭೆ, ಸಂಘ, ಸಂವಿಧಾನ ಎಲ್ಲ ಇದ್ದೂ ಹೊಟ್ಟೆ ತುಂಬದಿದ್ದರೆ, ಅವನ್ನು ಕಿತ್ತುಕೊಳ್ಳುವ ದಿನ ಕಾಪಾಡಲು ಜನ ಬರುವುದಿಲ್ಲ.

ಲಿಬಿಯಾದ ಬಗ್ಗೆ ಕೆರೆ ಇರುವ ಊರಿನವನಾಗಿ ಒಂದು ಮಾತು ಹೇಳಬೇಕು. ಗಡಾಫಿ 42 ವರ್ಷ ಪಕ್ಷ, ಸಂವಿಧಾನ ಯಾವುದನ್ನೂ ಬೆಳೆಯಗೊಡಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಅವರು ಸತ್ತ ಮೇಲೆ ಎರಡೆರಡು ಸರ್ಕಾರಗಳು ಹುಟ್ಟಿದವು. ಡೆರ್ನಾ ಪಟ್ಟಣದ ಮೇಲ್ಗಡೆ ಎರಡು ಅಣೆಕಟ್ಟೆ ಇದ್ದವು, 1970ರ ದಶಕದವು. ಬಿರುಕು ಬಿಟ್ಟಿವೆ ಎಂದು ಬಲ್ಲವರು ಹೇಳಿದ್ದರು. ರಿಪೇರಿ ಮಾಡಿಸುವವರಿಲ್ಲ. 2023ರ ಸೆಪ್ಟೆಂಬರ್‌ನ ಒಂದು ರಾತ್ರಿ ಮಳೆಗೆ ಎರಡೂ ಒಡೆದವು. ಬೀದಿ ಬೀದಿಗಳೇ ಸಮುದ್ರ ಸೇರಿದವು, ಸಾವಿರಾರು ಜನ ಸತ್ತರು. ಏರಿ ಬಿರಿದರೆ ಅರ್ಜಿ ಹಿಡಿದು ಯಾವ ಕಚೇರಿಗೆ ಹೋಗಬೇಕೆಂದು ಕೊತ್ತಗೆರೆಯವರಿಗೆ ಗೊತ್ತಿದೆ. ಅರ್ಜಿ ನಿಧಾನವಾಗಬಹುದು, ಆದರೆ ಕಚೇರಿ ಇದೆ. ಹೇಮಾವತಿ ಎಕ್ಸ್‌ಪ್ರೆಸ್ ಕಾಲುವೆ ಬೇಡವೆಂದು ಗುಬ್ಬಿಯವರು, ಬೇಕೆಂದು ಕುಣಿಗಲ್‌ನವರು ಹಟ ಹಿಡಿದಿದ್ದೇವೆ. ನಿಷೇಧಾಜ್ಞೆ ಆಗಿದೆ, ಕೇಸು ಬಿದ್ದಿವೆ. ಆದರೂ ಎರಡೂ ಕಡೆಯ ಶಾಸಕರು ಒಂದೇ ವಿಧಾನಸಭೆಯಲ್ಲಿ ಕೂರುತ್ತಾರೆ. ಡೆರ್ನಾದವರಿಗೆ ಇಷ್ಟು ಸಿಕ್ಕಿದ್ದರೂ ಸಾಕಿತ್ತು.

ಇದೆಲ್ಲ ದೂರದ್ದು ಎಂದುಕೊಂಡಿದ್ದಾಗ ಅದು ಹುಣಸೂರಿಗೇ ಬಂತು. ಸುಡಾನಿನ ಜನ 2018ರ ಡಿಸೆಂಬರ್‌ನಲ್ಲಿ ರೊಟ್ಟಿಯ ಬೆಲೆಗಾಗಿ ಎದ್ದವರು, 30 ವರ್ಷ ಆಳಿದ ಬಶೀರ್ ಅವರನ್ನು ಮುಂದಿನ ಏಪ್ರಿಲ್‌ನಲ್ಲಿ ಇಳಿಸಿದರು. ಅಧಿಕಾರ ಹಂಚಿಕೊಳ್ಳುತ್ತೇವೆಂದು ಮಾತು ಕೊಟ್ಟ ಸೇನಾಪತಿಗಳು 2021ರಲ್ಲಿ ಅದನ್ನು ಪೂರಾ ಕಿತ್ತುಕೊಂಡರು. ಆಮೇಲೆ ತಮ್ಮತಮ್ಮಲ್ಲೇ ಜಗಳವಾಡಿ 2023ರ ಏಪ್ರಿಲ್ 15ರಂದು ಯುದ್ಧ ಹೂಡಿದರು. ಆ ಯುದ್ಧದ ನಡುವೆ ಸಿಕ್ಕಿಕೊಂಡವರಲ್ಲಿ ಹುಣಸೂರು, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನರಿದ್ದರು. ಕೂದಲೆಣ್ಣೆ, ಗಿಡಮೂಲಿಕೆ ಮಾರಲು ಹೋದವರು. ಬಾಡಿಗೆ ಮನೆಯ ಬಾಗಿಲು ಹಾಕಿಕೊಂಡು, ಕುಡಿಯಲು ನೀರಿಲ್ಲ, ತಿನ್ನಲು ಏನೂ ಇಲ್ಲ ಎಂದು ಮೊಬೈಲಿನಲ್ಲಿ ಹೇಳಿಕೊಂಡರು. ಭಾರತ ಸರ್ಕಾರ ಅವರನ್ನೂ ಉಳಿದ ಭಾರತೀಯರನ್ನೂ ಕರೆತಂದ ಕಾರ್ಯಾಚರಣೆಗೆ ಕಾವೇರಿಯ ಹೆಸರಿಟ್ಟಿತು. ಅವರು ಮನೆ ಸೇರಿದರು. ಅವರ ಎಣ್ಣೆ ಕೊಳ್ಳುತ್ತಿದ್ದ ಸುಡಾನಿನ ಹೆಂಗಸರು ಎಲ್ಲಿಗೆ ಹೋಗಬೇಕು? ತಿಂಗಳುಗಟ್ಟಲೆ ಬೀದಿಗಿಳಿದು ದೊರೆಯನ್ನು ಇಳಿಸಿದವರಲ್ಲಿ ಅವರೇ ಮುಂದಿದ್ದರು. ಅವರು ತಪ್ಪು ಮಾಡಿದರು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

1830ರಲ್ಲಿ ಸೋತವರ ಮಕ್ಕಳು, ಮೊಮ್ಮಕ್ಕಳು 1947ಕ್ಕೆ ಬರಲು 117 ವರ್ಷ ಹಿಡಿಯಿತು. ಟ್ಯುನಿಸ್, ಕೈರೋ, ಖಾರ್ಟೂಮ್‌ಗಳ ಲೆಕ್ಕವನ್ನು 15 ವರ್ಷಕ್ಕೇ ಮುಗಿಸಲು ನಮಗೇನು ಆತುರ? ದೊರೆಗಳಿಗೆ ಆತುರವಿರುವುದು ಅರ್ಥವಾಗುತ್ತದೆ. ಬಹರೇನ್‌ನ ರಾಜಧಾನಿ ಮನಾಮಾದಲ್ಲಿ ಜನ ಸೇರಿದ್ದ ಮುತ್ತಿನ ವೃತ್ತದ ಸ್ತಂಭವನ್ನು 2011ರ ಮಾರ್ಚ್ 18ರಂದು ಸರ್ಕಾರ ಕೆಡವಿಸಿತು. ಅಷ್ಟಕ್ಕೂ ಬಿಡದೆ, ಆ ಸ್ತಂಭದ ಚಿತ್ರವಿದ್ದ 500 ಫಿಲ್ಸ್ ನಾಣ್ಯವನ್ನೂ ಚಲಾವಣೆಯಿಂದ ವಾಪಸು ಪಡೆಯಿತು. ಮೈಸೂರಿನಲ್ಲಿ 1947ರ ಸೆಪ್ಟೆಂಬರ್ 13ರಂದು ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಬಿದ್ದ ಜಾಗವೂ ಒಂದು ವೃತ್ತವೇ. ಬಸ್ಸು ಅಲ್ಲಿಗೆ ಬಂದಾಗ ಇವತ್ತಿಗೂ ಕಂಡಕ್ಟರ್ ಕೂಗುತ್ತಾರೆ: ‘ರಾಮಸ್ವಾಮಿ ಸರ್ಕಲ್, ಯಾರ್ರೀ ಇಳಿಯೋರು?’