ಕಣ್ಣು ಮುಚ್ಚಿದ ಹುಂಜ



ಕೋಳಿ ಕೂಗಿದಾಗ ಸಂತ ಪೇತ್ರರು ತಾವು ಮೂರು ಬಾರಿ ಪ್ರಭುವನ್ನು ಅಲ್ಲಗಳೆದದ್ದನ್ನು ನೆನೆದು ಬಿಕ್ಕಿ ಬಿಕ್ಕಿ ಅತ್ತರೆಂದು ಶುಭಸಂದೇಶವು ಹೇಳುತ್ತದೆ. ಅನ್ಯರನ್ನು ಎಚ್ಚರಿಸುವುದೇ ಹುಂಜದ ಕಾಯಕ. ಎಚ್ಚರಿಸಬೇಕಾದವನೇ ಕಣ್ಣು ಮುಚ್ಚಿದರೆ ಗತಿಯೇನು? ಈ ಪ್ರಶ್ನೆಗೆ ಉತ್ತರವಾಗಬಲ್ಲ ಹಳೆಯ ಕಥೆಯೊಂದಿದೆ.

ಪ್ರಾಣಿಗಳ ಬಾಯಿಂದ ನೀತಿ ಹೇಳಿಸುವುದು ನಮ್ಮ ನಾಡಿಗೆ ಹೊಸದಲ್ಲ. ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿದ್ದ ದುರ್ಗಸಿಂಹನು 11ನೆಯ ಶತಮಾನದಲ್ಲಿಯೇ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ನಾನು ಹೇಳಹೊರಟಿರುವುದು 1400ರಲ್ಲಿ ತೀರಿಕೊಂಡ ಆಂಗ್ಲ ಕವಿ ಜೆಫ್ರಿ ಚಾಸರನ ‘ಕ್ಯಾಂಟರ್‌ಬರಿ ಕಥೆಗಳು’ ಗ್ರಂಥದ ಕಥೆ. 1170ರಲ್ಲಿ ತಮ್ಮ ಪ್ರಧಾನಾಲಯದಲ್ಲಿಯೇ ಹತರಾದ ಸಂತ ಥಾಮಸ್ ಬೆಕೆಟರ ಸಮಾಧಿಗೆ ಹೊರಟ ಯಾತ್ರಿಕರು ದಾರಿಯಲ್ಲಿ ಒಬ್ಬೊಬ್ಬರಾಗಿ ಕಥೆ ಹೇಳುತ್ತಾರೆ. ಇದನ್ನು ಹೇಳುವವನು ಸಂನ್ಯಾಸಿನಿಯರ ಜೊತೆಗಿದ್ದ ಒಬ್ಬ ಗುರು.

ಬಡ ವಿಧವೆಯೊಬ್ಬಳ ಅಂಗಳದಲ್ಲಿ ಚಾಂಟಿಕ್ಲಿಯರ್ ಎಂಬ ಹುಂಜವಿತ್ತು. ಕೂಗುವುದರಲ್ಲಿ ಅದಕ್ಕೆ ಸಮಾನರಿರಲಿಲ್ಲ. ಕೆಂಪು–ಹಳದಿ ಬಣ್ಣದ ಮೃಗವೊಂದು ತನ್ನನ್ನು ಕೊಲ್ಲಬಂದಂತೆ ಅದು ಕನಸು ಕಂಡಿತು. ಅದು ಪಿತ್ತದ ದೋಷ, ಭೇದಿಯ ಔಷಧ ತೆಗೆದುಕೊಳ್ಳೆಂದು ನೆಚ್ಚಿನ ಹೇಂಟೆ ಪರ್ಟಲೋಟ್ ನಕ್ಕಿತು. ಹುಂಜವು ಯೋಸೇಫನ, ದಾನಿಯೇಲನ ನಿದರ್ಶನ ಕೊಟ್ಟು, ಕನಸುಗಳು ನಿಜವಾಗುತ್ತವೆಂದು ಪಾಂಡಿತ್ಯದಿಂದ ವಾದಿಸಿ ಗೆದ್ದಿತು. ಗೆದ್ದ ಮೇಲೆ ಕನಸನ್ನು ಮರೆತು ಅಂಗಳಕ್ಕಿಳಿಯಿತು! ಹೊಂಚು ಹಾಕಿದ್ದ ನರಿಯು, ‘ನಿನ್ನ ತಂದೆ ಕಣ್ಣು ಮುಚ್ಚಿ, ಕತ್ತು ಚಾಚಿ ಎಷ್ಟು ಇಂಪಾಗಿ ಹಾಡುತ್ತಿದ್ದನು! ನಿನಗೂ ಅದು ಬಂದೀತೇ?’ ಎಂದಿತು. ಹುಂಜವು ಕಣ್ಣು ಮುಚ್ಚಿ ಕತ್ತು ಚಾಚಿತು. ನರಿಯು ಗಂಟಲನ್ನು ಹಿಡಿದು ಓಡಿತು. ವಿಧವೆ, ಆಕೆಯ ಹೆಣ್ಣುಮಕ್ಕಳು, ನಾಯಿಗಳೆಲ್ಲ ಬೆನ್ನಟ್ಟಿದರು. ಆಗ ಹುಂಜವು, ‘ಅವರಿಗೊಂದು ಸವಾಲು ಹಾಕಬಾರದೇ?’ ಎಂದು ನರಿಯನ್ನು ಉಬ್ಬಿಸಿತು. ನರಿ ಬಾಯಿ ತೆರೆಯಿತು, ಹುಂಜ ಮರವೇರಿತು.

ನೋಡಬೇಕಾದಾಗ ಕಣ್ಣು ಮುಚ್ಚುವವನು ಕೆಟ್ಟನು. ಸುಮ್ಮನಿರಬೇಕಾದಾಗ ಬಾಯಿ ತೆರೆಯುವವನೂ ಕೆಟ್ಟನು. ಮೊದಲನೆಯ ಪಾಠ ಹುಂಜದ್ದು, ಎರಡನೆಯದು ನರಿಯದು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಹಬ್ಬದ ದಿನ ಒಬ್ಬ ಮಹನೀಯರು ನನ್ನ ಪ್ರಬೋಧನೆಯನ್ನು ಹೊಗಳಿ ಶಾಲು ಹೊದಿಸಿದರು. ವಾರದೊಳಗೆ, ತಾವು ನಡೆಸುವ ಚೀಟಿಯ ಕುರಿತು ಬಲಿಪೂಜೆಯ ನಂತರ ನಾಲ್ಕು ಮಾತು ಹೇಳಬೇಕೆಂದು ಕೇಳಿದರು. ನಮ್ಮ ವೃದ್ಧ ಉಪದೇಶಿಗಳು, “ಫಾದರ್, ಒಂದ್ ಸಲ ವಿಚಾರ ಮಾಡ್ರಿ” ಎಂದಿದ್ದರು. ನಾನು ವಿಚಾರಿಸಲಿಲ್ಲ, ಹೇಳಿಬಿಟ್ಟೆ. ಗೋವೆಯಲ್ಲಿ ಕಲ್ಲು–ಮಣ್ಣು ಹೊತ್ತು ಕೂಡಿಟ್ಟ ಹಣವನ್ನು ಕೆಲವು ಕುಟುಂಬಗಳು ಅವರ ಕೈಗಿತ್ತವು. ಮನುಷ್ಯರೂ ಹೋದರು, ಹಣವೂ ಹೋಯಿತು. ನಾನು ಕ್ಷಮೆ ಕೇಳಲು ಹೋದಾಗ ಒಬ್ಬ ತಾಯಿ, “ನಮ್ಮ ಹಣೆಬರಹ ಬಿಡ್ರಿ, ಫಾದರ್” ಎಂದಳು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಅದು ಹಣೆಬರಹವೇ? ಚಾಸರನ ಗುರುವೂ ಕಥೆಯ ನಡುವೆ ನಿಂತು, ದೇವರು ಮೊದಲೇ ಬಲ್ಲದ್ದು ನಡೆಯಲೇಬೇಕೇ ಎಂದು ಸಂತ ಆಗಸ್ಟೀನ, ಬೋಯೇಥಿಯಸರ ಹೆಸರೆತ್ತಿ ಕೇಳುತ್ತಾನೆ. ತನಗಿದು ನಿಲುಕದೆಂದು ಕೋಳಿಯ ಕಥೆಗೆ ಮರಳುತ್ತಾನೆ. ಗುರುಮಠದಲ್ಲಿ ನಾವು ಕಲಿತ ಉತ್ತರ ಸರಳವಾದುದು. ಬಾವಿಯ ಕಟ್ಟೆಯ ಮೇಲೆ ನಡೆಯುವವನನ್ನು ಕಂಡ ಮಾತ್ರಕ್ಕೆ ನಾವು ಅವನನ್ನು ನೂಕಿದಂತಾಗದು. ದೇವರು ಕಾಣುವುದರಿಂದ ನಮ್ಮ ಸ್ವಾತಂತ್ರ್ಯ ಅಳಿಯದು. ಹುಂಜಕ್ಕೆ ಕನಸು ಬಂದಿತ್ತು. ನನಗೆ ಉಪದೇಶಿಗಳ ಮಾತು ಬಂದಿತ್ತು. ರೆಪ್ಪೆ ಮುಚ್ಚಿದವರು ನಾವೇ.

ಈ ಅಪಾಯವನ್ನು ಬಸವನ ಬಾಗೇವಾಡಿಯ ನೆಲದ ಬಸವಣ್ಣನವರು ಚಾಸರನಿಗಿಂತ ಎರಡು ಶತಮಾನ ಮೊದಲೇ ಅರಿತಿದ್ದರು. ತಮ್ಮವರ ಹೊಗಳಿಕೆಯನ್ನು ಅವರು ಹೊನ್ನಿನ ಶೂಲವೆಂದು ಕರೆದು, ಅದಕ್ಕೆ ಅಡ್ಡಬರುವಂತೆ ದೇವರನ್ನು ಬೇಡಿಕೊಂಡರು. ಶೂಲ ಹೊನ್ನಿನದಾದರೂ ಇರಿಯುವುದು ತಪ್ಪದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ನಮ್ಮ ಕುಟುಂಬಗಳಲ್ಲಿ ನನ್ನ ವಿನಂತಿ ಇಷ್ಟೆ. ಚೀಟಿಯವರು ಬಂದರೆ 1982ರ ಕಾಯ್ದೆಯಂತೆ ನೋಂದಣಿಯಾಗಿದೆಯೇ ಎಂದು ಕಾಗದ ಕೇಳಿರಿ. ಗುರುಗಳು ಹೇಳಿದರೂ ಕೇಳಿರಿ. ಹೊಗಳಿಕೆ ಕಿವಿಗೆ ಬಿದ್ದಾಗ ಕಣ್ಣನ್ನು ಇನ್ನಷ್ಟು ಅಗಲವಾಗಿ ತೆರೆಯಿರಿ. ತಂದೆ–ತಾಯಿ, ಶಿಕ್ಷಕರು, ಗುರುಗಳು, ಹೀಗೆ ಅನ್ಯರನ್ನು ಎಬ್ಬಿಸುವ ಹೊಣೆ ಹೊತ್ತ ನಾವೆಲ್ಲರೂ ರಾತ್ರಿಯ ಆತ್ಮಶೋಧನೆಯಲ್ಲಿ ಒಂದು ಪ್ರಶ್ನೆ ಸೇರಿಸಿಕೊಳ್ಳೋಣ: ಇಂದು ಯಾರ ಹೊಗಳಿಕೆಗೆ ನಾನು ಕಣ್ಣು ಮುಚ್ಚಿದೆ? ನನ್ನಿಂದ ಯಾರ ಗಂಟಲು ನರಿಯ ಬಾಯಿಗೆ ಸಿಕ್ಕಿತು?

ಹುಂಜಕ್ಕೆ ಮರವೇರುವ ಅವಕಾಶ ದೊರೆಯಿತು. ಪೇತ್ರರಿಗೆ ಕಣ್ಣೀರು ದೊರೆಯಿತು. ಆ ತಾಯಿಯ ಹಣವಿನ್ನೂ ಮರಳಿಲ್ಲ.