ಪಟ್ಟಿ ಬಿಗಿಯುವ ಮುನ್ನ

ಶಸ್ತ್ರಚಿಕಿತ್ಸೆಯಾಗಿ ಹದಿನೆಂಟು ದಿನಗಳು ಕಳೆದಿವೆ. ಅಡಿಗೆಮನೆಯಲ್ಲಿ ಕಾವಲಿಯ ಮೇಲೆ ದೋಸೆ ಚುರ್ರೆನ್ನುತ್ತಿದೆ. ಗೃಹಿಣಿಯ ಮುಂದಿರುವುದು ಮಾತ್ರ ಒಂದು ಬಟ್ಟಲು ನುಣ್ಣಗೆ ಕಡೆದ ಬೇಳೆ. ಮೊದಲ ವಾರವೆಲ್ಲ ನಾಲ್ಕು ಚಮಚ ತಿಳಿಸಾರಿಗೇ ಸಾಕೆನಿಸಿದ ಹೊಟ್ಟೆ ಇಂದು ಚುರುಗುಟ್ಟುತ್ತಿದೆ. “ಹೊಟ್ಟೆಗೆ ಪಟ್ಟಿ ಹಾಕಿಸಿಕೊಂಡ ಮೇಲೂ ಹಸಿವೇನೇ? ಅಷ್ಟು ಹಣ ಸುರಿದದ್ದು ಇದಕ್ಕೇ ಏನು?” ಎನ್ನುತ್ತಾರೆ ಅತ್ತೆ. ಸೊಸೆ ಉತ್ತರ ಕೊಡಲಾರಳು. ಅದೇ ಪ್ರಶ್ನೆ ಅವಳ ಮನಸ್ಸನ್ನೂ ಕೊರೆಯುತ್ತಿದೆ.

ತೂಕ ಇಳಿಸಲೆಂದು ಜಠರಕ್ಕೆ ಪಟ್ಟಿ ಹಾಕಿಸಿಕೊಂಡವರ ಮನೆಗಳಲ್ಲಿ ಇಂಥ ಪ್ರಸಂಗ ಅಪರೂಪವಲ್ಲ. ಉತ್ತರವಾದರೋ ಬಹು ಸರಳವಾದುದು: ಪಟ್ಟಿಯ ನಿಜವಾದ ಕೆಲಸ ಇನ್ನೂ ಆರಂಭವಾಗಿಯೇ ಇಲ್ಲ.

ಈ ಪಟ್ಟಿಯು ಸಿಲಿಕೋನಿನಿಂದ ಮಾಡಿದ ಒಂದು ಉಂಗುರ. ಅದರ ಒಳಮೈಯಲ್ಲಿ ಉಬ್ಬಬಲ್ಲ ಚೀಲವೊಂದು ಉಂಟು. ಜಠರದ ಮೇಲ್ತುದಿಯ ಸುತ್ತ ಅದನ್ನು ತೊಡಿಸಿದಾಗ, ಮೇಲುಗಡೆ ಒಂದೆರಡು ದೊಡ್ಡ ಚಮಚದಷ್ಟು ಹಿಡಿಸುವ ಪುಟ್ಟ ಸಂಚಿ ಏರ್ಪಡುತ್ತದೆ. ಉಂಗುರದಿಂದ ಹೊರಟ ಸಣ್ಣ ಕೊಳವೆಯು ಹೊಟ್ಟೆಯ ಚರ್ಮದ ಕೆಳಗೆ ಹುದುಗಿಸಿದ ಒಂದು ಗುಂಡಿಗೆ ಸೇರುತ್ತದೆ. ವೈದ್ಯರು ಆ ಗುಂಡಿಗೆ ಸೂಜಿ ಚುಚ್ಚಿ ಉಪ್ಪುನೀರಿನ ದ್ರಾವಣ ತುಂಬಿದರೆ ಪಟ್ಟಿ ಬಿಗಿಯಾಗುತ್ತದೆ, ಹೊರತೆಗೆದರೆ ಸಡಿಲವಾಗುತ್ತದೆ. ಹೀಗೆ ಸರಿಹೊಂದಿಸಬಹುದಾದ ಪಟ್ಟಿಯನ್ನು ಅಮೆರಿಕದಲ್ಲಿ ನೆಲೆಸಿದ್ದ ಶಸ್ತ್ರವೈದ್ಯ ಲ್ಯುಬೊಮಿರ್ ಕುಜ್ಮಾಕ್ 1986ರಲ್ಲಿ ಬಳಕೆಗೆ ತಂದರು. ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ ಸಣ್ಣ ರಂಧ್ರಗಳ ಮೂಲಕವೇ ಅದನ್ನು ತೊಡಿಸುವ ಕ್ರಮವನ್ನು ಮಿಟಿಕು ಬೆಲಾಚೆವ್ 1993ರಲ್ಲಿ ಬೆಲ್ಜಿಯಂ ದೇಶದಲ್ಲಿ ಆರಂಭಿಸಿದರು.

ಶಸ್ತ್ರಚಿಕಿತ್ಸೆಯ ದಿನ ಪಟ್ಟಿಯನ್ನು ಸಾಮಾನ್ಯವಾಗಿ ಬರಿದಾಗಿಯೇ, ಇಲ್ಲವೇ ಬರಿದಾದಂತೆಯೇ ಬಿಡುತ್ತಾರೆ. ಮೊದಲ ಬಾರಿ ದ್ರಾವಣ ತುಂಬುವುದು ಸುಮಾರು ನಾಲ್ಕರಿಂದ ಆರು ವಾರಗಳ ಬಳಿಕ. ಹಾಗಾದರೆ ಮೊದಲ ದಿನಗಳಲ್ಲಿ ಹಸಿವು ಎಲ್ಲಿ ಅಡಗಿತ್ತು? ಗಾಯದ ಸುತ್ತಲಿನ ಬಾವು ಆಗ ದಾರಿಯನ್ನು ಕಿರಿದಾಗಿಸಿತ್ತು. ಬಾವು ಇಳಿದಂತೆ ಹಸಿವು ಮರಳಿತು. ಆ ಬಳಿಕ ಮೊದಲ ಬಿಗಿತದವರೆಗಿನ ದಿನಗಳೇ ಅತ್ಯಂತ ಕಠಿಣವಾದವು. ಆಗ ತೂಕ ಇಳಿಯದೆ ನಿಲ್ಲುವುದೂ ಉಂಟು, ಸ್ವಲ್ಪ ಏರುವುದೂ ಉಂಟು.

ಹಸಿವೆಂದು ಈ ಸಮಯದಲ್ಲಿ ಗಟ್ಟಿ ಆಹಾರಕ್ಕೆ ಕೈಹಾಕುವುದು ಅಪಾಯಕರ. ಪಟ್ಟಿಯ ಸುತ್ತ ಅಂಗಾಂಶ ಬೆಳೆದು ಅದು ನೆಲೆಯೂರಬೇಕಾದ ಕಾಲವಿದು. ಅವಸರದಲ್ಲಿ ನುಂಗಿದ ಚಪಾತಿಯ ತುಂಡು ಸಿಕ್ಕಿಕೊಂಡು ಮೇಲಿಂದ ಮೇಲೆ ವಾಂತಿಯಾದರೆ, ಪಟ್ಟಿ ಸ್ಥಾನದಿಂದ ಜಾರಬಹುದು; ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆದುದರಿಂದಲೇ ಆಹಾರಕ್ಕೆ ಮೆಟ್ಟಿಲುಗಳಿವೆ. ಸಾಮಾನ್ಯವಾಗಿ ಮೊದಲೆರಡು ವಾರ ತಿಳಿಸಾರು, ನೀರು ಮಜ್ಜಿಗೆ, ಬೇಳೆಕಟ್ಟು, ಕೆನೆ ತೆಗೆದ ಹಾಲು. ಮುಂದಿನೆರಡು ವಾರ ನುಣ್ಣಗೆ ಕಡೆದ ಬೇಳೆ, ತರಕಾರಿ, ಮೊಸರು. ಅನಂತರ ಮೆತ್ತಗೆ ಬೇಯಿಸಿದ ಆಹಾರ. ಸುಮಾರು ಆರು ವಾರಗಳಾದ ಮೇಲೆ ಗಟ್ಟಿ ಪದಾರ್ಥಗಳು. ದಿನಗಳ ಲೆಕ್ಕದಲ್ಲಿ ಆಯಾ ವೈದ್ಯರ ಮಾತೇ ಪ್ರಮಾಣ.

ಹಸಿವನ್ನು ತಾಳಿಕೊಳ್ಳಲು ಉಪಾಯಗಳಿಲ್ಲದಿಲ್ಲ. ಬೇಳೆ, ಮೊಸರು, ಹಾಲು, ಒಗ್ಗುವವರಿಗೆ ಮೊಟ್ಟೆಯ ಬಿಳಿಭಾಗ—ಇಂಥ ಸಸಾರಜನಕವುಳ್ಳ ಪದಾರ್ಥಗಳು ಬರಿಯ ಅಕ್ಕಿಗಂಜಿಗಿಂತ ಹೆಚ್ಚು ಹೊತ್ತು ತೃಪ್ತಿ ಕೊಡುತ್ತವೆ. ದಿನಕ್ಕೆ ಸುಮಾರು 60 ಗ್ರಾಂ ಸಸಾರಜನಕ ದೊರೆಯುವಂತೆ ನೋಡಿಕೊಳ್ಳಬೇಕೆಂಬುದು ಸಾಮಾನ್ಯ ಸಲಹೆ. ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯತಕ್ಕದ್ದು; ಊಟದ ಜೊತೆಗೂ ಊಟವಾದ ಅರ್ಧ ಗಂಟೆಯವರೆಗೂ ಬೇಡ. ಪಾಯಸ, ಹಣ್ಣಿನ ರಸ, ಸಕ್ಕರೆ ಬೆರೆಸಿದ ಪಾನೀಯಗಳನ್ನು ಯಾವ ಪಟ್ಟಿಯೂ ತಡೆಯಲಾರದು. ಅವು ಸರಾಗವಾಗಿ ಇಳಿದು ತೂಕವನ್ನು ಮೊದಲಿದ್ದಲ್ಲಿಗೇ ತಂದು ನಿಲ್ಲಿಸುತ್ತವೆ.

ಹೊಟ್ಟೆಯ ಹಸಿವು ಬೇರೆ, ನಾಲಗೆಯ ಹಸಿವು ಬೇರೆ. ಮೊದಲನೆಯದು ಏನು ಕೊಟ್ಟರೂ ಒಪ್ಪುತ್ತದೆ. ಎರಡನೆಯದು ದೋಸೆಯೇ ಬೇಕೆಂದು ಹಟ ಹಿಡಿಯುತ್ತದೆ. ನಾಲ್ಕು ಗುಟುಕು ನೀರು ಕುಡಿದು, ಹದಿನೈದು ನಿಮಿಷ ಅತ್ತಿತ್ತ ನಡೆದಾಡಿದರೆ ಎರಡನೆಯದು ಅನೇಕ ವೇಳೆ ತಾನಾಗಿ ಸುಮ್ಮನಾಗುವುದು. ಮೊದಲನೆಯದಾಗಿದ್ದರೆ, ಅಪ್ಪಣೆಯಾದ ಆಹಾರವನ್ನೇ ಇನ್ನೊಂದಿಷ್ಟು ಸೇವಿಸುವುದರಲ್ಲಿ ಅಪರಾಧವೇನೂ ಇಲ್ಲ.

ನಿರೀಕ್ಷೆಯನ್ನೂ ಹಾಗೆಯೇ ಅಳೆದು ಇಟ್ಟುಕೊಳ್ಳಬೇಕು. ನೆರೆಮನೆಯಾಕೆ ಜಠರದ ಬಹುಭಾಗವನ್ನೇ ಕತ್ತರಿಸಿ ತೆಗೆಸಿಕೊಂಡು ಬೇಗನೆ ತೆಳ್ಳಗಾಗಿರಬಹುದು. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ರಸವು ಹೆಚ್ಚಾಗಿ ಹುಟ್ಟುವುದು ಆ ಭಾಗದಲ್ಲಿಯೇ. ಪಟ್ಟಿಯ ಚಿಕಿತ್ಸೆಯಲ್ಲಿ ಅದನ್ನು ತೆಗೆಯುವುದಿಲ್ಲ. ಆದ್ದರಿಂದ ಹೋಲಿಕೆ ಸಲ್ಲದು. ಬಿಗಿತ ಸರಿಹೊಂದಿದ ಮೇಲೆ ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಉತ್ತಮ. ಎರಡು ಮೂರು ವರ್ಷಗಳಲ್ಲಿ ಹೆಚ್ಚುವರಿ ತೂಕದ ಅರ್ಧದಷ್ಟು ಇಳಿಯುವುದು ಸರಾಸರಿ ಫಲ. 60 ಕಿಲೋ ಇರಬೇಕಾದವರು 100 ಕಿಲೋ ಇದ್ದರೆ, ಹೆಚ್ಚುವರಿಯಾದ 40ರಲ್ಲಿ 20 ಕಿಲೋ ಎಂದಾಯಿತು. ಪಟ್ಟಿಯಿಂದ ತೊಂದರೆಯಾಗಿ ಮುಂದೆ ತೆಗೆಸಬೇಕಾದವರೂ ಕಡಮೆಯಿಲ್ಲ. ಆದಕಾರಣವೇ ಇತ್ತೀಚಿನ ವರ್ಷಗಳಲ್ಲಿ ಅನೇಕ ಶಸ್ತ್ರವೈದ್ಯರು ಬೇರೆ ವಿಧಾನಗಳತ್ತ ವಾಲಿದ್ದಾರೆ. ಪಟ್ಟಿ ಹಾಕಿಸಿಕೊಂಡವರು ವೈದ್ಯರ ಭೇಟಿಯನ್ನು ಎಂದಿಗೂ ತಪ್ಪಿಸಲಾಗದು.

ಕೆಲವು ಲಕ್ಷಣಗಳನ್ನು ಹಸಿವೆಂದೋ ಅಜೀರ್ಣವೆಂದೋ ಉದಾಸೀನ ಮಾಡಕೂಡದು. ನೀರೂ ಇಳಿಯದಿರುವುದು, ನಿಲ್ಲದ ವಾಂತಿ, ತೀವ್ರವಾದ ಹೊಟ್ಟೆನೋವು, ಜ್ವರ, ಗುಂಡಿ ಇರುವೆಡೆ ಕೆಂಪಾಗಿ ಊದುವುದು—ಇವು ಕಂಡರೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಸಕ್ಕರೆ ಕಾಯಿಲೆಯವರು ಆಹಾರ ಕಡಮೆಯಾದಾಗ ಔಷಧದ ಪ್ರಮಾಣವನ್ನೂ ಅವರಿಂದಲೇ ಗೊತ್ತುಮಾಡಿಸಿಕೊಳ್ಳಬೇಕು.

ಇನ್ನುಳಿದ ಹೊಣೆ ಮನೆಯವರದು. ದಿನವೂ ತಕ್ಕಡಿಯ ಲೆಕ್ಕ ಕೇಳುವುದು, “ಒಂದು ತುಂಡು ತಿಂದರೇನಾಗುತ್ತೆ?” ಎಂದು ತಟ್ಟೆ ಮುಂದೆ ಚಾಚುವುದು, ಎರಡೂ ನೋಯುವ ಮನಸ್ಸಿಗೆ ಪೆಟ್ಟು. ಅದರ ಬದಲು ಅತ್ತೆಯೇ ಬೇಳೆಯನ್ನು ನುಣ್ಣಗೆ ಕಡೆದು, ಜೀರಿಗೆಯ ಪರಿಮಳ ಸೇರಿಸಿ, ಬಟ್ಟಲನ್ನು ಸೊಸೆಯ ಕೈಗಿತ್ತು, “ಇನ್ನು ಮೂರು ವಾರ ತಾನೇ, ತಾಳಿಕೋ ತಾಯಿ” ಎಂದರೆ ಹಸಿವಿನ ಅರ್ಧ ಭಾರ ಇಳಿದಂತೆಯೇ. ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ಹಿರಿಯರ ಮಾತು. ಆ ಊಟವನ್ನು ಹೊಸದಾಗಿ ಕಲಿಯುವವರಿಗೆ ಮನೆಮಂದಿಯ ತಾಳ್ಮೆಯೂ ಬೇಕು.