ಕ್ಲೌಡ್ ಚಂದಾ ನಿಲ್ಲಿಸಿದರೆ ಫೋಟೊಗಳೆಲ್ಲ ಅಳಿಸಿಹೋಗುತ್ತವೆಯೇ?

ಗೂಗಲ್ ಒನ್ ಚಂದಾ ಹಣ ಕಡಿತವಾದ ಸಂದೇಶ ಬಂದಾಗಲೆಲ್ಲ ಹಲವರಿಗೆ ಅನ್ನಿಸುವುದು: ಇದು ನಿಜವಾಗಿಯೂ ಬೇಕೇ? ನಿಲ್ಲಿಸಿದರೆ ಮರುದಿನವೇ ಫೋಟೊಗಳೆಲ್ಲ ಮಾಯವಾಗುತ್ತವೆ ಎಂದು ಕೆಲವರು ಹೆದರಿ ಕಟ್ಟುತ್ತಲೇ ಇರುತ್ತಾರೆ. ಏನೂ ಆಗುವುದಿಲ್ಲ ಎಂದು ಕೆಲವರು ಥಟ್ಟನೆ ನಿಲ್ಲಿಸುತ್ತಾರೆ. ಎರಡೂ ಪೂರ್ತಿ ನಿಜವಲ್ಲ.

ಗೂಗಲ್ ಖಾತೆಗೆ ಸಾಮಾನ್ಯವಾಗಿ ಉಚಿತವಾಗಿ ಸಿಗುವುದು 15 ಜಿಬಿ ಜಾಗ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಇಷ್ಟೇ. 2021ರ ಜೂನ್ 1ರಿಂದ ಹೊಸ ಫೋಟೊಗಳೂ ಇದರ ಲೆಕ್ಕಕ್ಕೆ ಬರುತ್ತಿವೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇಲ್ಲೇ ಜಾಗ ತಿನ್ನುತ್ತದೆ.

ನಿಲ್ಲಿಸಿದರೆ ಏನಾಗುತ್ತದೆ?

ಹಣ ಕಟ್ಟಿದ ಅವಧಿ ಮುಗಿಯುವವರೆಗೆ ಏನೂ ಬದಲಾಗುವುದಿಲ್ಲ. ಆಮೇಲೆ ನಿಮ್ಮ ಬಳಕೆ ಉಚಿತ ಮಿತಿಗಿಂತ ಹೆಚ್ಚಿದ್ದರೂ ಹಳೆಯ ಫೋಟೊಗಳು ತಕ್ಷಣ ಅಳಿಯುವುದಿಲ್ಲ. ಅವನ್ನು ನೋಡಬಹುದು, ಡೌನ್‌ಲೋಡ್ ಮಾಡಿಕೊಳ್ಳಬಹುದು. ಆದರೆ ಹೊಸ ಫೋಟೊಗಳ ಬ್ಯಾಕಪ್ ನಿಲ್ಲುತ್ತದೆ. ಜಿಮೇಲ್‌ನಲ್ಲಿ ಮೇಲ್ ಬರುವುದು, ಹೋಗುವುದೂ ನಿಲ್ಲುತ್ತದೆ. ಕೆಲಸದ ಸಂದರ್ಶನದ ಕರೆ ಬಂದಿದ್ದರೂ ನಿಮಗೆ ತಿಳಿಯದೇ ಹೋಗಬಹುದು. ಎರಡು ವರ್ಷ ಮಿತಿ ಮೀರಿದ ಸ್ಥಿತಿಯಲ್ಲೇ ಇದ್ದರೆ, ಮುನ್ಸೂಚನೆ ಕೊಟ್ಟು ಎಲ್ಲವನ್ನೂ ಅಳಿಸಬಹುದು ಎನ್ನುತ್ತದೆ ಗೂಗಲ್ ನಿಯಮ. ಮನೆಯವರೊಂದಿಗೆ ಹಂಚಿಕೊಂಡ ಪ್ಲಾನ್ ಆಗಿದ್ದರೆ ಅವರ ಹೆಚ್ಚುವರಿ ಜಾಗವೂ ಹೋಗುತ್ತದೆ.

ನಿಜವಾದ ಅಪಾಯ ಎಲ್ಲಿದೆ?

ಅಪಾಯವಿರುವುದು ಅವಸರದಲ್ಲಿ ಜಾಗ ಖಾಲಿ ಮಾಡುವಾಗ. ಫೋಟೋಸ್ ಆ್ಯಪ್‌ನಲ್ಲಿ ಡಿಲೀಟ್ ಒತ್ತಿದರೆ, ಬ್ಯಾಕಪ್ ಆದ ಚಿತ್ರ ಸಾಮಾನ್ಯವಾಗಿ ಕ್ಲೌಡ್ ಮತ್ತು ಫೋನ್ ಎರಡರಿಂದಲೂ ಹೋಗುತ್ತದೆ. ಟ್ರ್ಯಾಶ್‌ನಲ್ಲಿ ಉಳಿಯುವುದು 60 ದಿನ ಮಾತ್ರ. ಫೋನಿನ ಜಾಗ ಉಳಿಸಲು ಹಿಂದೆ 'ಫ್ರೀ ಅಪ್ ಸ್ಪೇಸ್' ಒತ್ತಿದ್ದರೆ, ಆ ಫೋಟೊಗಳು ಫೋನಿನಲ್ಲಿ ಇಲ್ಲವೇ ಇಲ್ಲ. ಕ್ಲೌಡ್‌ನಲ್ಲಿರುವುದೇ ಏಕೈಕ ಪ್ರತಿ. ತೀರಿಕೊಂಡ ಅಜ್ಜಿಯ ವಿಡಿಯೊವೂ ಅದರಲ್ಲಿರಬಹುದು.

ಹೇಗೆ ನಿರ್ಧರಿಸಬೇಕು?

1. ಮೊದಲು ಗೂಗಲ್ ಒನ್ ಆ್ಯಪ್‌ನಲ್ಲಿ ಯಾವುದು ಎಷ್ಟು ಜಾಗ ತಿಂದಿದೆ ನೋಡಿ. ಗುಡ್ ಮಾರ್ನಿಂಗ್ ವಿಡಿಯೊಗಳಿಗೂ ನೀವು ಹಣ ಕಟ್ಟುತ್ತಿರಬಹುದು!
2. ಗೂಗಲ್ ಟೇಕ್‌ಔಟ್ ಮೂಲಕ ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳಿ. ಕೆಲವು ಫೈಲ್ ತೆರೆದು ಪರೀಕ್ಷಿಸಿ.
3. ಬಳಕೆಯನ್ನು ಉಚಿತ ಮಿತಿಯೊಳಗೆ ತಂದ ಮೇಲೆ ಚಂದಾ ನಿಲ್ಲಿಸಿ.

ಹಾರ್ಡ್ ಡಿಸ್ಕ್ ಕೂಡ ಒಂದು ದಿನ ಕೆಡಬಹುದು. ಇನ್ನೊಂದು ಪ್ರತಿ ಇಡುವ ವ್ಯವಸ್ಥೆ ನಿಮ್ಮಲ್ಲಿಲ್ಲದಿದ್ದರೆ, ಸದ್ಯಕ್ಕೆ ಚಂದಾ ಮುಂದುವರಿಸುವುದೇ ಜಾಣತನ.